ಕುಡಿದು ಚಾಲನೆ ಪ್ರಕರಣ: ಪೊಲೀಸ್ ವಿಡಿಯೋ ಯಾವುದಕ್ಕೆ ಸಾಕ್ಷಿ?

ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ನೋಡಿಕೊಂಡು ಲಿಂಗದಹಳ್ಳಿಗೆ ಇಳಿಯುವ ರಸ್ತೆಯಲ್ಲಿ ಪೊಲೀಸರು ನಿಮ್ಮ ಗಾಡಿ ನಿಲ್ಲಿಸಿ ಆಲ್ಕೋಮೀಟರ್ ಊದಿಸಿದರು ಎಂದುಕೊಳ್ಳಿ. ಮಿತಿ ಮೀರಿದ ಅಂಕಿ ಬಂತು, ಕೇಸ್ ಆಯಿತು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಕೇಸನ್ನು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ತರೀಕೆರೆ ನ್ಯಾಯಾಲಯಕ್ಕೇ ಹೋಗಬೇಕು. ಮೊದಲ ಸಲವಾದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ವಿಡಿಯೋ ತರಿಸಿ ನೋಡಿ ಸಾರ್, ನಾನು ನೆಟ್ಟಗೆ ನಿಂತಿದ್ದೆ, ಸರಿಯಾಗೇ ಮಾತಾಡ್ತಿದ್ದೆ." ಈ ವಾದ ಹೆಚ್ಚು ದೂರ ಹೋಗುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಪರೀಕ್ಷೆಯಲ್ಲಿ ಕಂಡರೆ ಅಪರಾಧ ಎನ್ನುತ್ತದೆ ಕಾನೂನು. ತೂರಾಡುತ್ತಿದ್ದಿರೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಆ ಅಂಕಿಯನ್ನು ಕ್ಯಾಮೆರಾ ಅಳೆಯಲಾರದು.

ಹಾಗಾದರೆ ವಿಡಿಯೋದಿಂದ ಉಪಯೋಗವೇನು? ಅದು ಸಮಯಕ್ಕೂ ಕ್ರಮಕ್ಕೂ ಸಾಕ್ಷಿ, ಮತ್ತು ಅಲ್ಲಿ ಅದರ ಬೆಲೆ ದೊಡ್ಡದು. ಚಾಲಕನ ಸೀಟಿನಲ್ಲಿ ಇದ್ದದ್ದು ಯಾರು? ಉಸಿರಿನ ಪರೀಕ್ಷೆಗೆ ಒತ್ತಾಯಿಸಿದ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿದ್ದರೇ? ಊದುವ ನಳಿಕೆ ಹೊಸದೇ? ಗುಟುಕು ಕುಡಿದ ಕೂಡಲೇ, ಬಾಯಿ ತೊಳೆಯುವ ಔಷಧಿ ಬಳಸಿದ ಕೂಡಲೇ ಊದಿಸಿದರೆ ಬಾಯಲ್ಲಿ ಉಳಿದ ಮದ್ಯಾಂಶ ಅಂಕಿಯನ್ನು ಏರಿಸಬಹುದು. ಅದು ಹೋಗಲು ಸುಮಾರು 15 ನಿಮಿಷ ಬೇಕು. ಯಂತ್ರದ ಚೀಟಿಯಲ್ಲಿ ಅಚ್ಚಾದ ಗಂಟೆಗೂ ವಿಡಿಯೋದ ಗಂಟೆಗೂ ತಾಳೆಯಾಗದಿದ್ದರೆ ಪೊಲೀಸರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಗಂಟೆಯ ನಿಯಮ. 185ರ ಅಡಿ ಬಂಧಿಸಿದವರನ್ನು ಬಂಧನದಿಂದ 2 ಗಂಟೆಯೊಳಗೆ ನೋಂದಾಯಿತ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು ಎನ್ನುತ್ತದೆ 202ನೇ ಕಲಮು. ಠಾಣೆಯಲ್ಲಿ ಇನ್ನೊಮ್ಮೆ ಊದುವ ಅವಕಾಶವನ್ನೂ ಕೊಡಬೇಕು (203). ಮಲೆನಾಡಿನ ಅಂಚಿನ ಊರಿನಲ್ಲಿ, ಅದೂ ರಾತ್ರಿ ಹೊತ್ತು, ವೈದ್ಯರನ್ನು ಹುಡುಕಿಕೊಂಡು ತರೀಕೆರೆಯ ತಾಲ್ಲೂಕು ಆಸ್ಪತ್ರೆಯವರೆಗೆ ಹೋಗಬೇಕಾಗಿ ಬಂದರೆ ಎರಡು ಗಂಟೆ ಬೇಗ ಕಳೆಯುತ್ತದೆ. ಎಷ್ಟಕ್ಕೆ ಹಿಡಿದರು, ಎಷ್ಟಕ್ಕೆ ಠಾಣೆಗೆ ಕರೆತಂದರು ಎಂಬುದು ರಸ್ತೆಯ ವಿಡಿಯೋ ಮತ್ತು ಠಾಣೆಯ ಸಿಸಿಟಿವಿಯನ್ನು ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಸಮಯ ಮೀರಿದ್ದಕ್ಕೆ ಬಿಡುಗಡೆಯಾದರೆ ಕೇಸೇ ಬಿದ್ದುಹೋಯಿತು ಎಂದು ತಿಳಿಯಬೇಡಿ.

ಯಂತ್ರದ ಅಂಕಿಯೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ ಎಂದಾದರೆ ಮಾತು ಬೇರೆ. ಬಾಯಿಂದ ವಾಸನೆ, ಅಸ್ಥಿರ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಪಾಪೆ ಇಷ್ಟನ್ನೇ ನಂಬಿ ಚಾಲಕ ಕುಡಿದಿದ್ದನೆಂದು ತೀರ್ಮಾನಿಸುವುದು ಸುರಕ್ಷಿತವಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಬಚ್ಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ ಹೇಳಿದೆ. ಇಂಥ ಕೇಸಿನಲ್ಲಿ ನೆಟ್ಟಗೆ ನಡೆದ ದೃಶ್ಯಕ್ಕೆ ನಿಜಕ್ಕೂ ತೂಕವಿದೆ.

ವಿಡಿಯೋ ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ, ಕಾಯುತ್ತಾ ಕೂತರೆ ಅಳಿಸಿಯೂ ಹೋಗಬಹುದು. ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಉಳಿಸಬೇಕೆಂದು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇಡಬೇಕೆಂದು ಸುಪ್ರೀಂ ಕೋರ್ಟಿನ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಹೇಳಿದೆ. ಪೆಟ್ರೋಲ್ ಬಂಕ್, ಹೋಟೆಲ್, ಅಂಗಡಿಗಳ ಕ್ಯಾಮೆರಾಗಳಿಗೆ ಈ ರಕ್ಷಣೆಯಿಲ್ಲ. ಅವುಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಆದ್ದರಿಂದ ಮರುದಿನವೇ ದಿನಾಂಕ, ಜಾಗ, ಗಂಟೆ ನಮೂದಿಸಿ "ಈ ದೃಶ್ಯ ಕಾಪಾಡಿ" ಎಂದು ಠಾಣಾಧಿಕಾರಿಗೂ ಅಂಗಡಿಯವರಿಗೂ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಕೈಯಲ್ಲಿ ಕೊಟ್ಟರೆ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನಂತರ ವಕೀಲರ ಮೂಲಕ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಅದನ್ನು ಹಾಜರುಪಡಿಸಲು ಆದೇಶಿಸುವಂತೆ ನ್ಯಾಯಾಲಯವನ್ನು ಕೋರಬಹುದು. ಪೊಲೀಸರೇ ವಿಡಿಯೋವನ್ನು ಆಧಾರವಾಗಿ ಕೊಟ್ಟಿದ್ದರೆ ಅದರ ಪ್ರತಿ ಪಡೆಯುವುದು ನಿಮ್ಮ ಹಕ್ಕು: ಮೆಮೊರಿ ಕಾರ್ಡಿನಲ್ಲಿರುವುದೂ ದಾಖಲೆಯೇ ಎಂದು 2019ರಲ್ಲಿ ಕೇರಳದ ನಟ ದಿಲೀಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದ್ದ ದೃಶ್ಯವನ್ನು ಪೊಲೀಸರು ತರದೇ ಹೋದರೆ, ಅದು ಅವರಿಗೆ ಪ್ರತಿಕೂಲವಾಗಿತ್ತು ಎಂದು ನ್ಯಾಯಾಲಯ ಭಾವಿಸಲು ಅವಕಾಶವಿದೆ. ವಾರಾಣಸಿಯ ಹೋಟೆಲೊಂದರ ಕೊಲೆ ಪ್ರಕರಣದಲ್ಲಿ ಸಿಸಿಟಿವಿ ದೃಶ್ಯ ಹಾಜರುಪಡಿಸದಿದ್ದದ್ದು, ಇಬ್ಬರು ಇಟಲಿ ಪ್ರಜೆಗಳು 2015ರಲ್ಲಿ ಖುಲಾಸೆಯಾಗಲು ಮುಖ್ಯ ಕಾರಣಗಳಲ್ಲೊಂದಾಯಿತು. ಆದರೆ ನೀವು ಬರವಣಿಗೆಯಲ್ಲಿ ಕೇಳಿದ್ದಕ್ಕೆ ದಾಖಲೆ ಇಲ್ಲದಿದ್ದರೆ ಈ ವಾದಕ್ಕೆ ಬಲ ಬರುವುದು ಕಷ್ಟ.

ಜೊತೆಗಿದ್ದವರು ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ಆ ಮೊಬೈಲನ್ನೇ ಜೋಪಾನ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಮೂಲ ವಿವರವೂ ಕಳೆದುಹೋಗಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಪ್ರತಿಯ ಜೊತೆ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು: ಒಂದಕ್ಕೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು).

ತರಿಸುವ ಮೊದಲು ದೃಶ್ಯದಲ್ಲಿ ಏನಿರಬಹುದೆಂದು ವಕೀಲರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಅಪಘಾತವೂ ಆಗಿದ್ದರೆ ಅದೇ ವಿಡಿಯೋ ವಿಮಾ ಕಂಪನಿಯ ಕೈಗೂ ಸಿಗಬಹುದು. ಉಸಿರು ಅಥವಾ ರಕ್ತ ಪರೀಕ್ಷೆ ನಡೆಯದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿತವನ್ನು ಸಾಬೀತುಪಡಿಸಿ ವಿಮಾ ಪರಿಹಾರ ನಿರಾಕರಿಸಬಹುದೆಂದು ಸುಪ್ರೀಂ ಕೋರ್ಟಿನ 2021ರ ಪರ್ಲ್ ಬೆವರೇಜಸ್ ತೀರ್ಪು ಹೇಳಿದೆ.

"ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ" ಎಂಬ ಸಲಹೆ ನ್ಯಾಯಾಲಯದ ಜಗಲಿಯಲ್ಲೇ ಸಿಗುತ್ತದೆ. ನಿಜವಾಗಿ ಕುಡಿದು ಓಡಿಸಿದ್ದರೆ ಒಪ್ಪಿಕೊಳ್ಳುವುದೇ ಸರಿ. ಆ ತಿರುವು ರಸ್ತೆಯಲ್ಲಿ ಎದುರಿಗೆ ಬರುವವರ ಜೀವ ಹಗುರವಲ್ಲ. ಆದರೆ ಕುಡಿಯದೆ ಒಪ್ಪಿಕೊಂಡರೆ, ಆಮೇಲೆ ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಯ ಬಗ್ಗೆ ಮಾತ್ರ ಮೇಲ್ಮನವಿ ಸಲ್ಲಿಸಬಹುದು. ಚಾಲನಾ ಪರವಾನಗಿಯೂ ಅಮಾನತಾಗಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಒಪ್ಪಿಕೊಳ್ಳಬೇಕಿಲ್ಲ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100.