ಬಟಾಣಿ ಗಿಡದ ಸಿನಿಮಾ

ಮಕ್ಕಳೇ, ಬೀಜ ಮೊಳಕೆಯೊಡೆದು ಸಸಿಯಾಗುವುದು ನಿಮಗೆಲ್ಲ ಗೊತ್ತು. ಆದರೆ ಸಸಿ ಮೇಲೇಳುವ ಆ ಚಲನೆಯನ್ನು ನೋಡಿದ್ದೀರಾ? ಕುಂಡದ ಮುಂದೆ ಒಂದು ಗಂಟೆ ಕುಳಿತರೂ ಏನೂ ಕದಲಿದಂತೆ ಕಾಣುವುದಿಲ್ಲ. ಮರುದಿನ ನೋಡಿದರೆ ಸಸಿ ಎತ್ತರವಾಗಿರುತ್ತದೆ! ಅದರ ಬೆಳವಣಿಗೆ ನಮ್ಮ ಕಣ್ಣಿಗೆ ತಿಳಿಯದಷ್ಟು ನಿಧಾನ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಭಾರತದಲ್ಲಿ ಒಬ್ಬರು ಇದನ್ನು ಪರದೆಯ ಮೇಲೆ ತೋರಿಸಿದರು. ಅವರೇ ದಾದಾಸಾಹೇಬ್ ಫಾಲ್ಕೆ.

ಫಾಲ್ಕೆಯವರು 1870ರಲ್ಲಿ ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಸಿನಿಮಾ ತಯಾರಿಕೆ ಕಲಿಯಲು 1912ರಲ್ಲಿ ಲಂಡನ್ನಿಗೆ ಹೋದರು. ಖರ್ಚಿಗಾಗಿ ತಮ್ಮ ವಿಮಾ ಪಾಲಿಸಿಗಳನ್ನು ಅಡವಿಟ್ಟರು. ಕ್ಯಾಮೆರಾ ಮತ್ತು ಫಿಲಂ ಅಂಚಿಗೆ ರಂಧ್ರ ಕೊರೆಯುವ ಯಂತ್ರವನ್ನು ಕೊಂಡು ಮುಂಬಯಿಗೆ ಮರಳಿದರು. ಆದರೆ ಕಥಾಚಿತ್ರ ತಯಾರಿಸಲು ಬಹಳ ಹಣ ಬೇಕು. ನಂಬಿ ಹಣ ಕೊಡುವವರು ಯಾರು?

ಫಾಲ್ಕೆಯವರು ಕುಂಡದಲ್ಲಿ ಬಟಾಣಿ ಬಿತ್ತಿ ಅದರ ಮುಂದೆ ಕ್ಯಾಮೆರಾ ನಿಲ್ಲಿಸಿದರು. ಒಂದು ತಿಂಗಳಿಗೂ ಹೆಚ್ಚು ಕಾಲ ಬಿಡುವು ಕೊಟ್ಟು ಕೊಟ್ಟು ಚಿತ್ರ ತೆಗೆದರು. ಆ ಫಿಲಂ ಓಡಿಸಿದಾಗ ಬೀಜ ಮೊಳೆತು ಬಳ್ಳಿಯಾಗುವುದು ಸುಮಾರು ಒಂದು ನಿಮಿಷದಲ್ಲೇ ಕಾಣಿಸಿತು! ಅದನ್ನು ನೋಡಿದವರಿಗೆ ಅವರ ಕೌಶಲದಲ್ಲಿ ನಂಬಿಕೆ ಹುಟ್ಟಿತು, ಸಾಲವೂ ಸಿಕ್ಕಿತು. ಪತ್ನಿ ಸರಸ್ವತಿಬಾಯಿ ತಮ್ಮ ಒಡವೆಗಳನ್ನು ಕೊಟ್ಟರು. ಫಿಲಂಗೆ ರಂಧ್ರ ಕೊರೆಯುವ ಕೆಲಸವನ್ನೂ ಕಲಿತರು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ಚಿತ್ರ ಮುಂಬಯಿಯಲ್ಲಿ ಬಿಡುಗಡೆಯಾಯಿತು.

ಇದರ ಗುಟ್ಟೇನು?

ಸಿನಿಮಾ ಎಂದರೆ ಸಾಲಾಗಿ ಬರುವ ನಿಶ್ಚಲ ಚಿತ್ರಗಳು. ಒಂದಕ್ಕಿಂತ ಇನ್ನೊಂದು ಸ್ವಲ್ಪವೇ ಬೇರೆ. ಅವು ವೇಗವಾಗಿ ಬಂದಾಗ ನಮ್ಮ ಕಣ್ಣು ಮತ್ತು ಮಿದುಳು ಅವನ್ನು ಚಲನೆಯೆಂದು ಗ್ರಹಿಸುತ್ತವೆ.

ಸೆಕೆಂಡಿಗೆ 16 ಚಿತ್ರಗಳಂತೆ ತೋರಿಸಿದರೆ ಒಂದು ನಿಮಿಷಕ್ಕೆ 960 ಚಿತ್ರಗಳು ಬೇಕು. ಇವನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ 32 ಚಿತ್ರಗಳು. ನಿಧಾನವಾಗಿ ತೆಗೆದು ವೇಗವಾಗಿ ತೋರಿಸಿದರೆ ಕಾಲ ಕುಗ್ಗಿದಂತೆ ಕಾಣುತ್ತದೆ. ಮೋಡಗಳ ಚಲನೆ, ಹೂವು ಅರಳುವಿಕೆ ಇವುಗಳ ಅಧ್ಯಯನಕ್ಕೆ ವಿಜ್ಞಾನಿಗಳು ಇಂದಿಗೂ ಈ ವಿಧಾನ ಬಳಸುತ್ತಾರೆ.

ನೀವೂ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಗಾಜಿನ ಲೋಟ, ಹತ್ತಿ, ನೀರು, ನೆನೆಸಿದ ಅವರೆಕಾಳು, ಒಂದೇ ಅಳತೆಯ 20 ದಪ್ಪ ಕಾಗದದ ತುಂಡುಗಳು, ಪೆನ್ಸಿಲ್, ದಾರ.

1. ಲೋಟದಲ್ಲಿ ಒದ್ದೆ ಹತ್ತಿಯಿಟ್ಟು, ಗಾಜಿಗೆ ತಾಗುವಂತೆ ಕಾಳನ್ನು ಇರಿಸಿ. ಹತ್ತಿ ಒಣಗದಿರಲಿ.
2. ಲೋಟವನ್ನು ಕಿಟಕಿಯ ಬಳಿ ಇಡಿ, ಕದಲಿಸಬೇಡಿ.
3. ಬೆಳಿಗ್ಗೆ ಒಂದು, ಸಂಜೆ ಒಂದರಂತೆ 10 ದಿನ ಚಿತ್ರ ಬರೆಯಿರಿ. ಪ್ರತಿ ಸಲ ಒಂದೇ ಜಾಗದಲ್ಲಿ ಕುಳಿತು, ಕಾಗದದ ಬಲ ತುದಿಯಲ್ಲೇ ಬರೆಯಿರಿ.
4. ಹಾಳೆಗಳನ್ನು ಕ್ರಮವಾಗಿ ಜೋಡಿಸಿ ಎಡ ತುದಿಯನ್ನು ದಾರದಿಂದ ಹೊಲಿಯಿರಿ. ಬಲ ತುದಿಯನ್ನು ಹೆಬ್ಬೆರಳಿನಿಂದ ಸರಸರನೆ ಬಿಡಿ.

ಹತ್ತು ದಿನಗಳ ಬೆಳವಣಿಗೆ ಎರಡೇ ಸೆಕೆಂಡುಗಳಲ್ಲಿ ನಿಮ್ಮ ಕೈಯಲ್ಲಿ!

ಯೋಚಿಸಿ

* ಮೊದಲು ಹೊರಬಂದದ್ದು ಬೇರೋ, ಕಾಂಡವೋ?
* ಸಸಿ ಯಾವ ಕಡೆಗೆ ಬಾಗಿತು? ಏಕೆ?
* ನಡುವೆ ಲೋಟವನ್ನು ತಿರುಗಿಸಿದ್ದರೆ ನಿಮ್ಮ ‘ಸಿನಿಮಾ’ ಹೇಗೆ ಕಾಣುತ್ತಿತ್ತು?