ಲ್ಯಾಬ್ ಪೋಸ್ಟಿಂಗ್‌ಗೆ ಹೊರಟವರಿಗೆ

ಡಿಎಂಎಲ್‌ಟಿ ಆಗಲಿ, ಬಿ.ಎಸ್‌ಸಿ. ಎಂಎಲ್‌ಟಿ ಆಗಲಿ, ಒಂದು ದಿನ ನೋಟಿಸ್ ಬೋರ್ಡಿಗೆ ಪೋಸ್ಟಿಂಗ್ ಪಟ್ಟಿ ಬೀಳುತ್ತದೆ. ಮೈಸೂರಿನ ದೊಡ್ಡಾಸ್ಪತ್ರೆಯೋ, 2016ರಲ್ಲಿ ಶುರುವಾದ ಮಡಿಕೇರಿಯ ಮೆಡಿಕಲ್ ಕಾಲೇಜೋ ಸಿಕ್ಕವರು ಹಿಗ್ಗುತ್ತಾರೆ. ಅಮ್ಮತ್ತಿಯಂಥ ಊರು ಬಂದವರ ಮುಖ ಸಪ್ಪಗಾಗುತ್ತದೆ. ಸಪ್ಪಗಾಗಬೇಕಿಲ್ಲ. ಮೊದಲ ಪೋಸ್ಟಿಂಗ್‌ಗೆ ಸಣ್ಣ ಆಸ್ಪತ್ರೆಯ ಲ್ಯಾಬೇ ಮೇಲು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಕಾರಣ ಸರಳ. ದೊಡ್ಡ ಲ್ಯಾಬಿನಲ್ಲಿ ಸ್ಯಾಂಪಲ್ ನಿಮ್ಮ ಕೈಗೆ ಬರುವಾಗ ಅದಕ್ಕೆ ಬಾರ್‌ಕೋಡ್ ಅಂಟಿರುತ್ತದೆ. ಯಂತ್ರಕ್ಕೆ ಇಟ್ಟರೆ ಸಂಖ್ಯೆ ಹೊರಬರುತ್ತದೆ. ಆ ರಕ್ತ ಯಾರದು, ಹೇಗೆ ತೆಗೆದರು, ಎಷ್ಟು ಹೊತ್ತು ಹೊರಗಿತ್ತು, ಯಾವುದೂ ಕಾಣುವುದಿಲ್ಲ. ಲ್ಯಾಬ್ ವರದಿಯ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಯಂತ್ರದೊಳಗಲ್ಲ, ಸ್ಯಾಂಪಲ್ ಯಂತ್ರ ಮುಟ್ಟುವ ಮೊದಲು. ಸಣ್ಣ ಲ್ಯಾಬಿನಲ್ಲಿ ನರ ಹುಡುಕುವವರು, ಸೆಂಟ್ರಿಫ್ಯೂಜ್ ತಿರುಗಿಸುವವರು, ವರದಿ ಬರೆಯುವವರು ಒಬ್ಬರೇ. ತಪ್ಪು ಎಲ್ಲಿ ನುಸುಳುತ್ತದೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಅಮ್ಮತ್ತಿಯನ್ನೇ ತೆಗೆದುಕೊಳ್ಳಿ. ಕೊಡಗಿನ ವಿರಾಜಪೇಟೆ–ಸಿದ್ದಾಪುರ ರಸ್ತೆಯ ಈ ಊರಿನ ಸುತ್ತ ಕಾಫಿ ತೋಟಗಳೇ. ಇಲ್ಲಿನ ಆರ್‌.ಐ.ಎಚ್‌.ಪಿ. ಆಸ್ಪತ್ರೆಯಂಥ ಕಡೆ ಬೆಂಚಿನ ಮೇಲೆ ಸಾಲಾಗಿ ಕೂರುವವರನ್ನು ಸುಮ್ಮನೆ ಊಹಿಸಿಕೊಳ್ಳಿ: ಲೈನ್ ಮನೆಯ ಯರವರು, ಕುರುಬರು, ತಮಿಳು ಮಲಯಾಳ ಮಾತಾಡುವವರು, ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದವರು, ತೋಟದ ಮಾಲೀಕರು. ಹಾಗಾಗಿ ಮೊದಲ ಪಾಠ ಸೂಜಿಯದಲ್ಲ, ಹೆಸರಿನದು. "ನೀವು ಚೋಮಿ ಅಲ್ವಾ?" ಎಂದು ಕೇಳಬೇಡಿ. ಜ್ವರದಲ್ಲಿ ಇರುವವರು, ಭಾಷೆ ಬಾರದವರು ಯಾವ ಹೆಸರಿಗೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರೇನಮ್ಮ? ಯಾವ ತೋಟ?" ಎಂದು ಅವರ ಬಾಯಿಂದಲೇ ಹೇಳಿಸಿ. ಒಂದೇ ಲೈನಿನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದುಂಟು. ವಯಸ್ಸು, ಗಂಡನ ಅಥವಾ ತಂದೆಯ ಹೆಸರು ಸೇರಿಸಿ. ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಅದನ್ನು ಒಂದಕ್ಷರಕ್ಕೆ ಇಳಿಸದೆ ಪೂರ್ತಿ ಬರೆಯಿರಿ. ಟ್ಯೂಬಿಗೆ ಲೇಬಲ್ ಹಚ್ಚುವುದು ರಕ್ತ ತೆಗೆದ ಮೇಲೆ, ರೋಗಿ ಎದ್ದುಹೋಗುವ ಮೊದಲು.

ಇನ್ನು ಸೂಜಿ. ಟೂರ್ನಿಕೆ ಕಟ್ಟಿದ್ದು ಒಂದು ನಿಮಿಷ ದಾಟಬಾರದು. ದಾಟಿದರೆ ರಕ್ತ ಅಲ್ಲೇ ಗಟ್ಟಿಯಾಗಿ ಪ್ರೋಟೀನ್, ಕೋಶಗಳ ಲೆಕ್ಕ ಏರುತ್ತದೆ. ಮುಷ್ಟಿಯನ್ನು ಬಿಗಿದು ಬಿಚ್ಚಲು ಹೇಳಬೇಡಿ, ಪೊಟ್ಯಾಸಿಯಂ ಸುಳ್ಳಾಗಿ ಹೆಚ್ಚುತ್ತದೆ. ತೆಳು ಸೂಜಿಯಲ್ಲಿ ಸಿರಿಂಜ್ ಜೋರಾಗಿ ಎಳೆದರೂ, ಸೂಜಿ ತೆಗೆಯದೆ ರಕ್ತವನ್ನು ಟ್ಯೂಬಿಗೆ ಒತ್ತಿ ತುಂಬಿದರೂ ಕೆಂಪು ಕಣ ಒಡೆದು ಅದೇ ಗತಿ.

ಟ್ಯೂಬಿನ ಸರದಿಯನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿರುತ್ತೀರಿ: ಕಲ್ಚರ್ ಬಾಟಲಿ, ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಕಾರಣ ಗೊತ್ತಿದ್ದರೆ ಸರದಿ ತಾನಾಗಿ ನೆನಪಿರುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಪೊಟ್ಯಾಸಿಯಂ ಉಪ್ಪು. ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡೇ ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ಅದರ ಒಂದು ಹನಿ ಕೆಂಪು ಟ್ಯೂಬಿಗೆ ಸೇರಿದರೂ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿಯುತ್ತದೆ. ವರದಿ ನೋಡಿದ ಡಾಕ್ಟರು ಇಲ್ಲದ ಕಾಯಿಲೆಗೆ ಮದ್ದು ಬರೆಯಬಹುದು. ತಿಳಿನೀಲಿಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಗೆರೆಯವರೆಗೆ ತುಂಬದಿದ್ದರೆ ಪಿ.ಟಿ. ಫಲಿತಾಂಶವನ್ನು ನಂಬುವಂತಿಲ್ಲ.

ತೋಟಗಳಲ್ಲಿ ಕ್ಯಾಂಪ್ ನಡೆಸಿದಾಗ ಸಕ್ಕರೆ ಪರೀಕ್ಷೆಯದು ಬೇರೆ ತಾಪತ್ರಯ. ಟ್ಯೂಬಿನಲ್ಲಿರುವ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು. ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಜೀಪಿನಲ್ಲಿ ಕುಲುಕುತ್ತಾ ಹನ್ನೊಂದಕ್ಕೆ ಲ್ಯಾಬ್ ಸೇರಿದರೆ ಡಯಾಬಿಟಿಸ್ ಇರುವವರೂ ಆರೋಗ್ಯವಂತರಾಗಿ ಕಾಣಬಹುದು. ಬೂದು ಮುಚ್ಚಳದ ಫ್ಲೋರೈಡ್ ಇದನ್ನು ತಡೆಯುತ್ತದೆ, ಆದರೆ ತಕ್ಷಣವಲ್ಲ; ಆದ್ದರಿಂದ ಐಸ್ ಪೆಟ್ಟಿಗೆ ಒಯ್ಯಿರಿ, ತೆಗೆದ ಸಮಯ ಬರೆಯಿರಿ.

ಮೈಕ್ರೋಸ್ಕೋಪಿನ ಮುಂದೆ ಕೂರಲು ಅವಕಾಶ ಸಿಕ್ಕರೆ ಬಿಡಬೇಡಿ. ಮಲೇರಿಯಾಕ್ಕೆ ದಪ್ಪ ಸ್ಮಿಯರ್, ತೆಳು ಸ್ಮಿಯರ್ ಎರಡೂ ಬೇಕು: ದಪ್ಪದರಲ್ಲಿ ಪರಾವಲಂಬಿ ಇದೆಯೇ ಎಂದು ಹುಡುಕುವುದು, ತೆಳುವಿನಲ್ಲಿ ಯಾವ ಜಾತಿ ಎಂದು ಗುರುತಿಸುವುದು. ನಮ್ಮ ಸರ್ಕಾರಿ ಲ್ಯಾಬುಗಳು ಬಳಸಿಕೊಂಡು ಬಂದ ಜೆ.ಎಸ್‌.ಬಿ. ಬಣ್ಣ ಈ ದೇಶದ್ದೇ. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ರೂಪಿಸಿದ್ದು. ಆಯಿಲ್ ಇಮ್ಮರ್ಷನ್‌ನಲ್ಲಿ ನೂರು ಫೀಲ್ಡ್ ನೋಡದೆ ನೆಗೆಟಿವ್ ಬರೆಯಬಾರದು. ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ಕಾಟವಿದೆ: ಸ್ಮಿಯರ್ ಬೇಗ ಒಣಗದು, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಲೆನ್ಸಿನ ಎಣ್ಣೆ ಒರೆಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿಡುವುದು ಯಾರೂ ಅಂಕ ಕೊಡದ ಕೆಲಸ, ಆದರೂ ಮಾಡಿ.

ಈ ಭಾಗಕ್ಕೆ ಬಂದವರು ಸಿಕಲ್ ಸೆಲ್ ಪರೀಕ್ಷೆಯನ್ನು ಚೆನ್ನಾಗಿ ಕಲಿಯಲೇಬೇಕು. ಭಾರತದಲ್ಲಿ ಈ ಕಾಯಿಲೆಯ ಜೀನ್ ಮೊದಲು ದಾಖಲಾದದ್ದು ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ಯರವರಲ್ಲೂ ಜೇನುಕುರುಬರಲ್ಲೂ ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಗುರಿ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ. 2047ರೊಳಗೆ ಕಾಯಿಲೆಯನ್ನು ತೊಲಗಿಸಬೇಕೆಂಬುದು ಅದರ ಹಂಬಲ. ಸಾಲ್ಯುಬಿಲಿಟಿ ಪರೀಕ್ಷೆ ಸುಲಭ: ದ್ರಾವಣಕ್ಕೆ ರಕ್ತ ಬಿಟ್ಟು, ಟ್ಯೂಬಿನ ಹಿಂದೆ ಗೆರೆ ಎಳೆದ ಕಾಗದ ಹಿಡಿಯಿರಿ. ಗೆರೆ ಕಾಣದಷ್ಟು ಕದಡಿದ್ದರೆ ಪಾಸಿಟಿವ್. ಆದರೆ ಇದು ಕಾಯಿಲೆಯವರನ್ನೂ ಬರಿಯ ವಾಹಕರನ್ನೂ ಬೇರ್ಪಡಿಸುವುದಿಲ್ಲ, ಅದಕ್ಕೆ ಎಚ್‌.ಪಿ.ಎಲ್‌.ಸಿ. ಬೇಕು. ಆರು ತಿಂಗಳೊಳಗಿನ ಕೂಸುಗಳಲ್ಲೂ, ತೀರಾ ರಕ್ತಹೀನತೆ ಇರುವವರಲ್ಲೂ ಸುಳ್ಳು ನೆಗೆಟಿವ್ ಬರಬಹುದು. ರೋಗಿಯ ಮುಂದೆ "ನಿಮಗೆ ಸಿಕಲ್ ಇದೆ" ಎಂದುಬಿಡಬೇಡಿ. ಮದುವೆ ಮಾತುಕತೆಯವರೆಗೂ ಹೋಗುವ ಸುದ್ದಿ ಅದು; ಹೇಳುವುದು ಡಾಕ್ಟರ ಕೆಲಸ.

ಸುರಕ್ಷತೆಯ ಬಗ್ಗೆ ಕಾಲೇಜಿನವರು ಸಾಕಷ್ಟು ಹೇಳಿರುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ಹೊರಡುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿರಲಿ. ಕೊನೆಯದು ಆರನೇ ತಿಂಗಳಲ್ಲಿ, ಆದ್ದರಿಂದ ಮೊದಲ ವರ್ಷವೇ ಶುರುಮಾಡಿ. ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ಚುಚ್ಚಿಕೊಂಡರೆ ಬೆರಳು ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಬೈಗುಳಕ್ಕೆ ಹೆದರದೆ ಆಗಲೇ ತಿಳಿಸಿ. ಎಚ್‌ಐವಿ ತಡೆಯುವ ಔಷಧ ಎರಡು ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು, 72 ಗಂಟೆ ಮೀರಿದರೆ ಉಪಯೋಗವಿಲ್ಲ.

ಬೆಳಿಗ್ಗೆ ಕಂಟ್ರೋಲ್ ಓಡಿಸದೆ ರೋಗಿಯ ಸ್ಯಾಂಪಲ್ ಇಡುವ ಲ್ಯಾಬ್ ಕಂಡರೆ ಅದನ್ನು ಅನುಕರಿಸಬೇಡಿ. ಲೀವಿ–ಜೆನ್ನಿಂಗ್ಸ್ ಚಾರ್ಟಿನಲ್ಲಿ ಇಂದಿನ ಚುಕ್ಕೆ ಸರಾಸರಿಯಿಂದ ಮೂರು ಎಸ್‌.ಡಿ. ದಾಟಿದ್ದರೆ ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕು. ಜುಲೈಯಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುವ ಊರಲ್ಲಿ ಫ್ರಿಜ್ಜಿನ ಉಷ್ಣತೆಯನ್ನೂ ಬರೆದಿಡಬೇಕು; ರೀಏಜೆಂಟುಗಳಿಗೆ 2ರಿಂದ 8 ಡಿಗ್ರಿ.

ಪೊಟ್ಯಾಸಿಯಂ 6.8 ಎಂದು ಬಂತೆನ್ನಿ. ಮೊದಲು ಸೀರಮ್ಮಿನ ಬಣ್ಣ ನೋಡಿ. ಕೆಂಪಾಗಿದ್ದರೆ ಕಣ ಒಡೆದಿವೆ, ಹೊಸ ಸ್ಯಾಂಪಲ್ ಕೇಳಿ. ತಿಳಿಯಾಗಿದ್ದರೆ ಟ್ಯೂಬಿನ ಹೆಸರು, ಇಂದಿನ ಕಂಟ್ರೋಲ್ ಎರಡನ್ನೂ ನೋಡಿ ಕೂಡಲೇ ಹಿರಿಯ ಟೆಕ್ನಿಷಿಯನ್ನರಿಗೆ ತೋರಿಸಿ. ಅವರು ವಾರ್ಡಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ನಿಂತು ಕೇಳಿ. ಆಚೆಯವರಿಂದ ಸಂಖ್ಯೆಯನ್ನು ಮರಳಿ ಹೇಳಿಸುತ್ತಾರೆ, ಯಾರು ತೆಗೆದುಕೊಂಡರು, ಎಷ್ಟು ಗಂಟೆಗೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಎರಡನೇ ವಾರದಿಂದ ಆ ರಿಜಿಸ್ಟರ್ ಬರೆಯುವ ಕೆಲಸ ನನಗೇ ಕೊಡಿ ಎಂದು ಕೇಳಿ ಪಡೆಯಿರಿ.