ಕಡಲೆ ಹುಳುವಿಗೆ ಎಣ್ಣೆ ಹೊಡೆಯುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು



'ಹುಳು ಎಣ್ಣೆಗೆ ಸಾಯುತ್ತಿಲ್ಲ' ಎಂಬ ದೂರು ಪ್ರತಿ ಹಿಂಗಾರಿಗೂ ಕೇಳಿಬರುತ್ತದೆ. ಎಲ್ಲ ಸಲವೂ ಅದು ಎಣ್ಣೆಯ ದೋಷವಲ್ಲ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಸಾಯುವ ಹುಳು ಸತ್ತು, ತಡೆದುಕೊಳ್ಳುವ ಹುಳು ಉಳಿಯುತ್ತದೆ. ಮುಂದಿನ ಸಲ ಹೊಲ ತುಂಬುವುದು ಉಳಿದವುಗಳ ಸಂತಾನ. ಒಂದು ಹೆಣ್ಣು ಪತಂಗ ಐನೂರಕ್ಕೂ ಮೇಲೆ ಮೊಟ್ಟೆ ಇಡಬಲ್ಲದು. ಕಡಲೆಗೆ ಬೀಳುವ ಈ ಕಾಯಿಕೊರಕವೇ, ಅಂದರೆ ಹೆಲಿಕೋವರ್ಪ, 1987ರಲ್ಲಿ ಕರಾವಳಿ ಆಂಧ್ರದ ಹತ್ತಿ ಹೊಲಗಳಲ್ಲಿ ಸೈಪರ್‌ಮೆಥ್ರಿನ್, ಫೆನ್ವಲರೇಟ್ ಜಾತಿಯ ಎಣ್ಣೆಗಳಿಗೆ ಜಗ್ಗದೆ ನಿಂತಿತು. ಹತ್ತಿ, ತೊಗರಿ, ಕಡಲೆ ಮೂರೂ ಅದಕ್ಕೆ ಊಟ. ಹತ್ತಿಯಲ್ಲಿ ಬಂದ ತಾಳಿಕೆ ಕಡಲೆಗೂ ಬರುತ್ತದೆ.

ಮಾಡಬೇಕಾದ್ದು

ಮೊದಲು ಎಣಿಸಿ. ವಾರಕ್ಕೆ ಎರಡು ಸಲ ಹೊಲದ ನಾಲ್ಕೈದು ಕಡೆ ಸಾಲಿನಲ್ಲಿ ಒಂದು ಮೀಟರ್ ಅಳೆಯಿರಿ, ಗಿಡದ ಬುಡಕ್ಕೆ ಪಂಜೆ ಹಾಸಿ ಅಲುಗಿಸಿ, ಬಿದ್ದ ಹುಳು ಲೆಕ್ಕ ಹಾಕಿ. ಮೀಟರಿಗೆ ಒಂದು ಹುಳು ಸಿಗುವವರೆಗೆ ರಾಸಾಯನಿಕ ಎಣ್ಣೆಯ ಮಾತೇ ಬೇಡ. ಮೋಹಕ ಬಲೆ ಕಟ್ಟಿದ್ದರೆ ಪತಂಗ ಬೀಳುವುದು ಹೆಚ್ಚಾದ ದಿನದಿಂದ ಮೊಟ್ಟೆ ಹುಡುಕಿ. ಕುಡಿ ಎಲೆಯ ಮೇಲೆ ಗಸಗಸೆ ಕಾಳಿನಂತೆ ಒಂದೊಂದೇ ಅಂಟಿರುತ್ತವೆ.

ಬಿತ್ತಿ ಮೂವತ್ತು ದಿನ ದಾಟಿದ ಮೇಲೆ, ಹೂ ಬಿಡುವ ಮೊದಲು, ಕುಡಿ ಚಿವುಟಿಸಿ. ಟೊಂಗೆ ಹೆಚ್ಚುತ್ತದೆ, ಮನೆಗೆ ಪಲ್ಯ ಸಿಗುತ್ತದೆ, ಕುಡಿಯಲ್ಲಿದ್ದ ಮೊಟ್ಟೆಯೂ ಹೊಲ ಬಿಟ್ಟು ಹೋಗುತ್ತದೆ. ಇದರಷ್ಟು ಅಗ್ಗದ ಔಷಧ ನನಗೆ ಬೇರೆ ಗೊತ್ತಿಲ್ಲ.

ಬಿತ್ತುವಾಗಲೇ ಬೀಜದೊಂದಿಗೆ ಒಂದೆರಡು ಹಿಡಿ ಜೋಳ ಸೇರಿಸಿ. ಅಲ್ಲಲ್ಲಿ ಎದ್ದು ನಿಂತ ಜೋಳದ ದಂಟಿನ ಮೇಲೆ ಕಾಜಾಣ, ಗೊರವಂಕ ಕೂತು ಹುಳು ಹೆಕ್ಕುತ್ತವೆ. ಜೋಳ ಹಾಕದಿದ್ದವರು ಕವಲು ಕಡ್ಡಿ ನೆಡಿ, ಸಾಲಿನ ನಡುವೆ ಚುರುಮುರಿ ಚೆಲ್ಲಿ ಹಕ್ಕಿ ಕರೆಯಿರಿ.

ಹುಳು ಎಳೆಯದಾಗಿದ್ದಾಗ ಶೇ 5ರ ಬೇವಿನ ಬೀಜದ ಕಷಾಯ ಹೊಡೆಯಿರಿ: ನೂರು ಲೀಟರಿಗೆ ಐದು ಕಿಲೋ ಬೀಜದ ಪುಡಿ. ಇಲ್ಲವೇ ಎಕರೆಗೆ 100 ಎಲ್‌ಇ ಎನ್‌ಪಿವಿ ನಂಜಾಣು ದ್ರಾವಣಕ್ಕೆ ಅರ್ಧ ಕಿಲೋ ಬೆಲ್ಲ ಬೆರೆಸಿ ಸಂಜೆ ಹೊತ್ತು ಹೊಡೆಯಿರಿ. ಬಿಸಿಲು ನಂಜಾಣುವನ್ನು ಕೊಲ್ಲುತ್ತದೆ. ಅಂದೇ ಹುಳು ಸಾಯಲಿಲ್ಲವೆಂದು ಗಾಬರಿಯಾಗಬೇಡಿ. ಕೆಲ ದಿನಗಳಲ್ಲಿ ಗಿಡದ ತುದಿಗೆ ಏರಿ, ತಲೆಕೆಳಗಾಗಿ ಜೋತು, ಮೈ ಕೊಳೆತು ಒಡೆಯುತ್ತದೆ.

ಅಷ್ಟಕ್ಕೂ ಬಗ್ಗದಿದ್ದರೆ ಮಾತ್ರ ರಾಸಾಯನಿಕ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಎಕರೆಗೆ 88 ಗ್ರಾಂ, ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ 50 ಮಿ.ಲೀ. ಮೊದಲ ಸಲ ಒಂದನ್ನು ಹೊಡೆದಿದ್ದರೆ ಎರಡನೇ ಸಲ ಇನ್ನೊಂದು.

ಮಾಡಬಾರದ್ದು

ಡಬ್ಬದ ಬಣ್ಣ ಬದಲಾಯಿತೆಂದು ಎಣ್ಣೆ ಬದಲಾಯಿತು ಎಂದುಕೊಳ್ಳಬೇಡಿ. ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ಓದಿ, ಓದಲಾಗದಿದ್ದರೆ ಓದಿಸಿಕೊಳ್ಳಿ. ಅದಕ್ಕೂ ಒಂದು ಹೆಜ್ಜೆ ಮುಂದಿದೆ: ಕ್ಲೋರಾಂಟ್ರಾನಿಲಿಪ್ರೋಲ್, ಫ್ಲುಬೆಂಡಿಯಾಮೈಡ್ ಹೆಸರು ಬೇರೆಯಾದರೂ ಗುಂಪು ಒಂದೇ, ಎರಡೂ ಹುಳುವಿನ ಸ್ನಾಯುವಿನ ಒಂದೇ ಜಾಗಕ್ಕೆ ಹೊಡೆಯುತ್ತವೆ. ಒಂದಾದ ಮೇಲೊಂದು ಹೊಡೆದರೆ ಒಂದನ್ನೇ ಎರಡು ಸಲ ಹೊಡೆದಂತೆ.

ಎರಡು ಮೂರು ಎಣ್ಣೆ ಕಲಸಿ ಒಂದೇ ಪಂಪಿಗೆ ಸುರಿಯಬೇಡಿ. ಹೇಳಿದ್ದಕ್ಕಿಂತ ಹೆಚ್ಚೂ ಬೇಡ, ಉಳಿತಾಯಕ್ಕೆಂದು ಕಡಿಮೆಯೂ ಬೇಡ. ತಲೆ ಕಾಯಿಯೊಳಗಿಟ್ಟು ಮೈ ಹೊರಗೆ ಬಿಟ್ಟ ದಪ್ಪ ಹುಳು ಕಾಣುವ ತನಕ ಕಾಯಬೇಡಿ. ಬಲಿತ ಹುಳು ಎಣ್ಣೆ ತಡೆದುಕೊಳ್ಳುತ್ತದೆ, ಅದು ಒಂದೇ ಮೂವತ್ತು ಕಾಯಿ ಹಾಳುಮಾಡಬಲ್ಲದು.

ಎಲೆಗೆ ಅಂಟಿದ, ಅಕ್ಕಿಕಾಳಿನಷ್ಟು ಉದ್ದದ ಬೂದುಬಿಳಿ ಗೂಡು ಕಂಡರೆ ಹೊಸಕಬೇಡಿ. ಅದು ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜದ್ದು. ಎಳೆ ಹುಳುವಿನೊಳಗೆ ಬೆಳೆದು ಅದನ್ನು ಕೊಂದೇ ಹೊರಬಂದಿರುತ್ತದೆ. ಹೂವಿಗೂ ಮೊದಲೇ ಸೈಪರ್‌ಮೆಥ್ರಿನ್ ಹೊಡೆಯುವವರು ನಮ್ಮ ಕಡೆಯ ಈ ಆಳನ್ನೇ ಕೊಲ್ಲುತ್ತಾರೆ.

'ಹುಳು ಬಾರದ ತಳಿ' ಎಂದು ಯಾರಾದರೂ ಬೀಜ ಮಾರಲು ಬಂದರೆ ನಂಬಬೇಡಿ. ಸೂಪರ್ ಅಣ್ಣಿಗೇರಿ-1 ಎಂಬ ಕಡಲೆ ತಳಿ ಬೆಳೆಸಿದ್ದು ಸೊರಗು ರೋಗ ತಡೆಯಲೆಂದು, ಹುಳು ತಡೆಯಲೆಂದಲ್ಲ. ಕಡಲೆಗೆ ತನ್ನದೇ ಕಾವಲು ಇದೆ, ನಿಜ: ನಸುಕಿನಲ್ಲಿ ಬಟ್ಟೆ ಹಾಸಿ ಹಿಂಡಿಕೊಳ್ಳುವ ಕಡಲೆ ಹುಳಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಎಳೆ ಹುಳುವಿನ ಬೆಳವಣಿಗೆ ಕುಗ್ಗಿಸುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಗುರುತಿಸಿದ ಐಸಿಸಿ 506 ಎಂಬ ತಳಿಯಲ್ಲಿ ಈ ಗುಣ ಹೆಚ್ಚು. ಆದರೂ ಕಾಯಿಕೊರಕಕ್ಕೆ ಪೂರ್ತಿ ಜಗ್ಗದ ಕಡಲೆ ನಮ್ಮ ಹೊಲಕ್ಕೆ ಇನ್ನೂ ಬಂದಿಲ್ಲ.

ಎಣ್ಣೆ ಹೊಡೆದ ಹೊಲದ ಪಲ್ಯ ಕೊಯ್ಯಬೇಡಿ, ಸುಲಗಾಯಿ ಕೀಳಬೇಡಿ, ಸಂತೆಗೂ ಒಯ್ಯಬೇಡಿ. ಡಬ್ಬದ ಮೇಲೆ ಬರೆದಷ್ಟು ದಿನ ಕಳೆಯಲೇಬೇಕು. ಬದುವಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಶಾಲೆಗೆ ಆ ದಾರಿಯಲ್ಲಿ ಹೋಗುವ ಮಕ್ಕಳಿಗೆ ನೀವೇ ನಿಂತು ಹೇಳಿ.